ಹಲ್ಲು ನನ್ನದು, ಉಸಿರು ಕಂಡಕ್ಟರನದು

ಚಾಲಕರ ಆರೋಗ್ಯ ಅರ್ಹತಾ ವಿಭಾಗದ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ಕಳೆದ ತಿಂಗಳು ತಾವು ಸಹಿ ಮಾಡಿ, ಮೊಹರು ಒತ್ತಿ ನನ್ನ ಕೈಗೆ ಕೊಟ್ಟ ಅರ್ಹತಾ ಪ್ರಮಾಣಪತ್ರವನ್ನು ಈ ಪತ್ರದ ಜೊತೆಗೆ ಹಿಂದಿರುಗಿಸುತ್ತಿದ್ದೇನೆ. ಅದರ ಮೇಲಿರುವ ಹೆಸರು ನನ್ನದು, ಭಾವಚಿತ್ರ ನನ್ನದು; ತಾವು ಪರೀಕ್ಷಿಸಿ ಮೆಚ್ಚಿಕೊಂಡ ಉಸಿರು ಮಾತ್ರ ನನ್ನದಲ್ಲ. ನಾನು ಪ್ರಾಮಾಣಿಕವಾಗಿ ಮಲಗಿದ ಮೂರು ತಿಂಗಳನ್ನು ತಾವು ತಿರಸ್ಕರಿಸಿದಿರಿ. ಬೇರೊಬ್ಬ ನನ್ನ ಬದಲು ಮಲಗಿದ ಹದಿನಾಲ್ಕು ರಾತ್ರಿಗಳನ್ನು ‘ಅತ್ಯುತ್ತಮ’ ಎಂದು ಬರೆದು ಸೂಚನಾ ಫಲಕಕ್ಕೆ ಅಂಟಿಸಿದಿರಿ. ಈ ವಿಷಯವನ್ನು ತಮಗೊಬ್ಬರಿಗೇ ಲಕೋಟೆಯಲ್ಲಿ ಕಳಿಸಬಹುದಿತ್ತು. ತಮ್ಮ ಕಚೇರಿಯಲ್ಲಿ ಲಕೋಟೆಗಳ ಗತಿ ಏನಾಗುತ್ತದೆಂದು ಬಲ್ಲೆನಾದ್ದರಿಂದ ಪತ್ರಿಕೆಗೆ ಕಳಿಸಿದ್ದೇನೆ. ಬಸ್ಸು ಹತ್ತುವವರೂ ಓದಲಿ.

ತಮಗೆ ನನ್ನ ಮುಖ ನೆನಪಿರಲಾರದು. ಕಡತವನ್ನು ನೋಡುವಾಗ ತಾವು ಮನುಷ್ಯನನ್ನು ನೋಡುವುದಿಲ್ಲ, ಒಂದೇ ಹೊತ್ತಿಗೆ ಎರಡು ಕೆಲಸ ಮಾಡಬಾರದೆಂಬ ಶಿಸ್ತು ತಮ್ಮದು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ನಾನು ಇಪ್ಪತ್ತೆರಡು ವರ್ಷಗಳಿಂದ ನಗರ ಬಸ್ಸಿನ ಚಾಲಕ. ಡಿಪೋದಲ್ಲಿ ನನ್ನನ್ನು ‘ಗಿರಣಿಯಣ್ಣ’ ಎನ್ನುತ್ತಾರೆ. ಪಾಳಿಯ ನಡುವೆ ವಿಶ್ರಾಂತಿ ಕೊಠಡಿಯಲ್ಲಿ ಅರ್ಧ ಗಂಟೆ ಒರಗಿದರೂ ಸಾಕು, ನನ್ನ ಹಲ್ಲುಗಳು ಒಂದಕ್ಕೊಂದು ಉಜ್ಜಿ ಮೂಟೆ ಜೋಳ ಬೀಸುವಂಥ ಸದ್ದು ಮಾಡುತ್ತವಂತೆ. ನಾನು ಕೇಳಿಲ್ಲ. ನನ್ನ ಹೆಂಡತಿ ಮದುವೆಯಾದಂದಿನಿಂದ ಕೇಳಿದ್ದಾಳೆ.

ಹೋದ ವರ್ಷದ ತಪಾಸಣೆಯಲ್ಲಿ ತಮ್ಮವರು ನನ್ನ ಕುತ್ತಿಗೆಯ ಸುತ್ತಳತೆ ತೆಗೆದು, ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ, ಮೈತುಂಬ ತಂತಿ ಅಂಟಿಸಿ ನೋಡಿದರು. ಗಂಟೆಗೆ ಮೂವತ್ತೆಂಟು ಸಲ ನನ್ನ ಉಸಿರು ನಿಲ್ಲುತ್ತದೆಂದು ಗೊತ್ತಾಯಿತು. ಸ್ಲೀಪ್ ಆಪ್ನಿಯ ಎಂದರು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಕೊಳವೆಯಿಂದ ಗಾಳಿ ಊದುವ ಯಂತ್ರದೊಂದಿಗೆ ಮಲಗಬೇಕು ಎಂದರು. ಅದಕ್ಕಾಗಿ ತಮಗೆ ಕೃತಜ್ಞ. ವ್ಯಂಗ್ಯವಲ್ಲ, ನಿಜವಾಗಿ ಹೇಳುತ್ತಿದ್ದೇನೆ. ಈ ಪತ್ರದಲ್ಲಿ ಇಂಥ ಮಾತು ಇನ್ನೊಮ್ಮೆ ಸಿಗುವುದಿಲ್ಲ, ಇಲ್ಲೇ ಎರಡು ಸಲ ಓದಿಕೊಳ್ಳಿ. ಆ ಯಂತ್ರ ಹಾಕಿಕೊಂಡ ಮೊದಲ ವಾರ ಬೆಳಿಗ್ಗೆ ಎದ್ದಾಗ ತಲೆ ಹಗುರಾಗಿತ್ತು. ಸಿಗ್ನಲ್ಲಿನಲ್ಲಿ ಕಣ್ಣು ಎಳೆಯುತ್ತಿರಲಿಲ್ಲ. ಗೊರಕೆ ನಿಂತಿತು. ಹೆಂಡತಿಯನ್ನು ಕೇಳಿದೆ, ಈಗ ನೆಮ್ಮದಿಯಾ ಅಂತ.

“ಏನು ನೆಮ್ಮದಿ ಬಂತು. ಮೊದಲು ಲಾರಿನೂ ಇತ್ತು, ಗಿರಣಿನೂ ಇತ್ತು. ಲಾರಿ ಹೋಯ್ತು. ಈಗ ಗಿರಣಿ ಸದ್ದು ಸ್ಪಷ್ಟವಾಗಿ ಕೇಳ್ಸುತ್ತೆ,” ಎಂದಳು.

ಗಿರಣಿ ಬೀಸಿದ್ದು ಜೋಳವನ್ನಲ್ಲ. ಎರಡು ತಿಂಗಳಲ್ಲಿ ಎರಡು ದವಡೆ ಹಲ್ಲು ಸೀಳಿದವು. ದಂತವೈದ್ಯೆ ಬಾಯಿಯ ಅಚ್ಚು ತೆಗೆದು, ಮೇಲಿನ ಸಾಲಿಗೆ ಕೂರುವ ಗಟ್ಟಿ ಪ್ಲಾಸ್ಟಿಕ್ಕಿನ ಗಾರ್ಡ್ ಮಾಡಿಕೊಟ್ಟರು. ಅದನ್ನು ಹಾಕಿಕೊಂಡೆ. ಹಲ್ಲು ಉಳಿಯಿತು. ಆದರೆ ಆ ಗಾರ್ಡ್ ಇದ್ದರೆ ನನ್ನ ತುಟಿ ಪೂರ್ತಿ ಮುಚ್ಚುವುದಿಲ್ಲ. ಮೂಗಿನಿಂದ ಒಳಗೆ ಹೋದ ಗಾಳಿ ಬಾಯಿಂದ ಬುಸ್ಸೆಂದು ಹೊರಗೆ ಬರುತ್ತದೆ. ಯಂತ್ರದೊಳಗೆ ಒಂದು ಸಣ್ಣ ಕಾರ್ಡ್ ಇದೆಯಲ್ಲ, ನನ್ನ ಪ್ರತಿ ಉಸಿರನ್ನೂ ತಮಗೆ ಚಾಡಿ ಹೇಳುವ ಕಾರ್ಡ್, ಅದು ಈ ಗಾಳಿಯನ್ನು ‘ಸೋರಿಕೆ’ ಎಂದು ಕೆಂಪು ಬಣ್ಣದಲ್ಲಿ ಬರೆದುಕೊಳ್ಳುತ್ತದೆ. ಗಾರ್ಡ್ ಹಾಕಿದರೆ ಉಸಿರು ಕೆಂಪು, ತೆಗೆದರೆ ಹಲ್ಲು ಪುಡಿ. ಇಷ್ಟೇ ನನ್ನ ಕಾಯಿಲೆ. ಉಳಿದದ್ದೆಲ್ಲ ತಮ್ಮ ಕಚೇರಿ.

ನಿದ್ದೆಯ ವೈದ್ಯರ ಬಳಿ ಹೋದೆ. “ಹಲ್ಲು ನನ್ನ ವಿಭಾಗಕ್ಕೆ ಬರಲ್ಲ, ಎದುರಿಗೆ ಕೇಳಿ,” ಎಂದರು. ಎದುರಿಗೆ ಹೋದೆ. ದಂತವೈದ್ಯೆ ಪಾಪ ಒಳ್ಳೆಯವರು. “ಗಾರ್ಡ್‌ನ ಸ್ವಲ್ಪ ತೆಳು ಮಾಡಬಹುದು. ಆದ್ರೆ ಯಾವ ಮಾಸ್ಕ್ ಹಾಕ್ತಾರೆ ಅನ್ನೋದನ್ನ ಅವರು ಹೇಳ್ಬೇಕು. ಬಾಯಿನೂ ಮುಚ್ಚೋ ಮಾಸ್ಕ್ ಇರುತ್ತೆ, ಅದನ್ನ ಅವರೇ ಬರ್ಕೊಡ್ಬೇಕು,” ಎಂದರು. ಒಂದೇ ಆಸ್ಪತ್ರೆ, ಒಂದೇ ಮಹಡಿ, ಎದುರುಬದುರು ಬಾಗಿಲು. ನಡುವೆ ಹನ್ನೊಂದು ಹೆಜ್ಜೆಯ ಹಜಾರ, ನಾನೇ ಎಣಿಸಿದ್ದೇನೆ. ಒಂದು ಕೈಯಲ್ಲಿ ಮಾಸ್ಕ್, ಇನ್ನೊಂದು ಕೈಯಲ್ಲಿ ಗಾರ್ಡ್ ಹಿಡಿದು ನಾನು ಆ ಹನ್ನೊಂದು ಹೆಜ್ಜೆಯನ್ನು ಆರು ವಾರ ನಡೆದೆ. ಬಸ್ಸಾಗಿದ್ದರೆ ಅದನ್ನೊಂದು ಮಾರ್ಗ ಅಂತ ಮಾಡಿ ಸಂಖ್ಯೆ ಕೊಡುತ್ತಿದ್ದರು.

ಕಡೆಗೆ ತಮ್ಮ ಬಳಿ ಬಂದೆ. ಮೂರನೇ ಮಹಡಿ, ಕಿಟಕಿ ಪಕ್ಕದ ಮೇಜು, ಮೇಜಿನ ಮೇಲೆ ನೀರು ಕಾಣದ ಒಂದು ಸಣ್ಣ ಗಿಡ. ಇಬ್ಬರು ವೈದ್ಯರನ್ನೂ ಅರ್ಧ ಗಂಟೆ ಒಂದೇ ಕೋಣೆಯಲ್ಲಿ ಕೂರಿಸಿ, ಮಾಸ್ಕನ್ನೂ ಗಾರ್ಡನ್ನೂ ಒಟ್ಟಿಗೆ ನನ್ನ ಮುಖಕ್ಕೆ ಹಾಕಿ ನೋಡಲು ಒಂದು ಪತ್ರ ಬರೆಯಿರಿ ಎಂದು ಬೇಡಿಕೊಂಡೆ. ತಾವು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ.

“ಜಂಟಿ ತಪಾಸಣೆಗೆ ನಮ್ಮಲ್ಲಿ ನಮೂನೆ ಇಲ್ಲ.”

“ಬಿಳಿ ಹಾಳೆ ಮೇಲೆ ಬರೆದ್ರೂ ಆಗುತ್ತೆ ಸಾರ್.”

“ಬಿಳಿ ಹಾಳೆ ಮೇಲೆ ಬರೆದಿದ್ದು ನಾಳೆ ಯಾರ ತಲೆ ಮೇಲೆ ಬರುತ್ತೆ? ಇಲ್ನೋಡಿ, ಎಪ್ಪತ್ತೆಂಟು ದಿನ ಸೋರಿಕೆ. ನೀವು ಯಂತ್ರ ಸರಿಯಾಗಿ ಹಾಕ್ತಿಲ್ಲ. ಗಾಡಿಯಿಂದ ಇಳೀರಿ.”

ಹೊರಡುವಾಗ ತಾವು ಕನ್ನಡಕ ಮೇಲೆತ್ತಿ, ಇದ್ದಕ್ಕಿದ್ದಂತೆ ಆತ್ಮೀಯರಾಗಿ ಇನ್ನೊಂದು ಪ್ರಶ್ನೆ ಕೇಳಿದಿರಿ. “ಹಲ್ಲು ಕಡಿಯೋದು ಒಳಗಡೆ ಸಿಟ್ಟಿರೋರು ಕಣ್ರೀ. ಯಾರ ಮೇಲ್ರೀ ನಿಮಗೆ ಸಿಟ್ಟು?” ಯಾರ ಮೇಲೂ ಇಲ್ಲ ಸಾರ್ ಎಂದೆ. ಆಗ ಅದು ಸತ್ಯವಾಗಿತ್ತು.

ಮರುದಿನದಿಂದ ಬಸ್ಸು ತೊಳೆಯುವ ಅಂಗಳಕ್ಕೆ ಹಾಕಿದರು. ಇಪ್ಪತ್ತೆರಡು ವರ್ಷ ಒಳಗೆ ಕೂತು ನೋಡಿದ ಗಾಜನ್ನು ಹೊರಗೆ ನಿಂತು ಒರೆಸಿದೆ. ತೊಳೆಯುವ ಕೆಲಸ ಕೀಳೆಂದು ಹೇಳುತ್ತಿಲ್ಲ. ನನ್ನ ಜೊತೆಗಿದ್ದ ಹುಡುಗಿಯರು ನನಗಿಂತ ಚೆನ್ನಾಗಿ ತೊಳೆಯುತ್ತಿದ್ದರು, ನನ್ನ ಪಾಲಿನ ಬಸ್ಸನ್ನು ಮೇಲ್ವಿಚಾರಕ ಎರಡೆರಡು ಸಲ ತೊಳೆಸುತ್ತಿದ್ದ. ಏಳನೇ ವಾರಕ್ಕೆ ತಮ್ಮ ಜ್ಞಾಪನ ಬಂತು. ಹದಿನಾಲ್ಕು ರಾತ್ರಿಯ ಸೋರಿಕೆರಹಿತ ವರದಿ ಮತ್ತು ಗಾರ್ಡ್ ಧರಿಸುತ್ತಿರುವುದಕ್ಕೆ ದಂತವೈದ್ಯರ ದೃಢೀಕರಣ, ಎರಡನ್ನೂ ಒಟ್ಟಿಗೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಚಾಲಕ ಹುದ್ದೆಯಿಂದ ಶಾಶ್ವತವಾಗಿ ಕೈಬಿಡಲಾಗುವುದು. ಛತ್ರಿ ಬಿಚ್ಚಿಕೊಂಡೇ ಬಾಟಲಿಯೊಳಗೆ ಇಳಿ ಎಂದು ಹೇಳಲು ಎಂಥ ಸೊಗಸಾದ ಭಾಷೆ.

ಇಲ್ಲಿ ನನ್ನ ಅಜ್ಜಿ ಹೇಳುತ್ತಿದ್ದ ಒಂದು ಕಥೆ ನೆನಪಾಗುತ್ತದೆ. ಒಂದೂರಲ್ಲಿ ಒಬ್ಬ ರಾಜ. ಅವನ ಖಜಾನೆಗೊಬ್ಬ ಕಾವಲುಗಾರ. ಜಾವಕ್ಕೊಮ್ಮೆ ‘ಎಚ್ಚರ’ ಎಂದು ಕೂಗಬೇಕು, ಕೂಗಿದ್ದನ್ನು ಮನೆಯಲ್ಲೇ ಕೂತು ಎಣಿಸಲು ಒಬ್ಬ ಅಧಿಕಾರಿ. ಕಾವಲುಗಾರನಿಗೆ ಜ್ವರ ಬಂತು, ದನಿ ಬಿತ್ತು. ಕೂಗು ಕಮ್ಮಿಯಾಯಿತೆಂದು ಅಧಿಕಾರಿ ದಂಡ ಹಾಕಿದ. ಕಾವಲುಗಾರ ಏನು ಮಾಡಿಯಾನು, ಒಂದು ಗಿಳಿಗೆ ಕೂಗಲು ಕಲಿಸಿ ಬಾಗಿಲಲ್ಲಿ ಕಟ್ಟಿದ. ಗಿಳಿ ಜಾವಕ್ಕೆ ಹತ್ತು ಸಲ ಕೂಗಿತು. ಅಧಿಕಾರಿ ಹಿಗ್ಗಿ ಕಾವಲುಗಾರನಿಗೆ ಶಾಲು ಹೊದಿಸಿದ. ಕಳ್ಳರು ಬಂದರು, ಖಜಾನೆ ಹೊತ್ತರು, ಗಿಳಿ ಮುದ್ದಾಗಿದೆಯೆಂದು ಅದನ್ನೂ ಹೊತ್ತರು. ಆಮೇಲೆ ಅಧಿಕಾರಿ ಏನು ಮಾಡಿದ ಅಜ್ಜೀ ಎಂದು ನಾವು ಕೇಳುತ್ತಿದ್ದೆವು. “ಇನ್ನೇನ್ ಮಾಡ್ತಾನೆ. ಕಳ್ಳರು ಬಂದ್ಹೋಗೋ ತನಕ ಕೂಗಿನ ಲೆಕ್ಕ ಸರಿಯಾಗಿತ್ತು ಅಂತ ಬರ್ದ,” ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು. ಚಿಕ್ಕವರು, ಅದನ್ನು ಕಥೆ ಅಂದುಕೊಂಡಿದ್ದೆವು.

ನನ್ನ ಗಿಳಿ ನನ್ನ ಕಂಡಕ್ಟರು. ಒಂಬತ್ತು ವರ್ಷದಿಂದ ಒಂದೇ ಬಸ್ಸಿನಲ್ಲಿ ದುಡಿದವರು ನಾವು. ಸಣಕಲ ಆಸಾಮಿ, ತಲೆ ದಿಂಬಿಗೆ ತಾಗುವ ಮೊದಲೇ ನಿದ್ದೆ. ಜ್ಞಾಪನ ಓದಿ ಅವನೇ ಹೇಳಿದ.

“ಅಣ್ಣಾ, ಮೆಷಿನ್‌ಗೇನು ನಿನ್ನ ಮುಖ ಗೊತ್ತಾ? ಹದಿನಾಲ್ಕು ದಿನ ನನ್ನ ಹತ್ರ ಕೊಡು. ನೀನು ಬರೀ ಗಾರ್ಡ್ ಹಾಕ್ಕೊಂಡು ಮಲ್ಕೋ.”

“ಸಿಕ್ಕಿಬಿದ್ರೆ?”

“ಮೂರನೇ ಮಹಡಿಯೋರು ಕೆಳಗಿಳಿದು ನೋಡಿದ್ದು ಯಾವಾಗ ಹೇಳು.”

ಹೀಗೆ ನನ್ನ ಚಿಕಿತ್ಸೆಯನ್ನು ತಮ್ಮ ಜ್ಞಾಪನದ ಪ್ರಕಾರ ಇಬ್ಬರು ಹಂಚಿಕೊಂಡೆವು. ಹಲ್ಲಿನ ಗಾರ್ಡ್ ನನ್ನ ಬಾಯಲ್ಲಿ, ಮಾಸ್ಕ್ ಅವನ ಮೂಗಿನ ಮೇಲೆ, ಎರಡು ಬೇರೆ ಬೇರೆ ಬಡಾವಣೆಗಳಲ್ಲಿ. ಮೊದಲ ದಿನ ಅವನ ಹೆಂಡತಿ ದೀಪ ಹಾಕಿ ನೋಡಿ, ಈ ಸೊಂಡಿಲು ತೆಗೆಯೋವರೆಗೂ ಹಜಾರದಲ್ಲಿ ಮಲಗಿ ಎಂದು ದಿಂಬು ಎಸೆದಳಂತೆ. ಹಜಾರದಲ್ಲೂ ಅವನು ರಾಜನ ಹಾಗೆ ನಿದ್ದೆ ಮಾಡಿದ. ವರದಿ ಹಸಿರೋ ಹಸಿರು. ತಾವು ಅದರ ಮೇಲೆ ‘ಅತ್ಯುತ್ತಮ, ಇತರ ಚಾಲಕರಿಗೆ ಮಾದರಿ’ ಎಂದು ಕೈಬರಹದಲ್ಲಿ ಬರೆದಿರಿ. ಅದೇ ಮಾಸ್ಕು, ಅದೇ ಗಾರ್ಡಿನಲ್ಲಿ ಎಪ್ಪತ್ತೆಂಟು ದಿನ ಸೋರಿದವನಿಗೆ ಇದ್ದಕ್ಕಿದ್ದಂತೆ ಬಾಯಿಯೇ ಬದಲಾಯಿತೇ ಎಂಬ ಸಂಶಯ ಬರಲು ವೈದ್ಯನಾಗಬೇಕಿರಲಿಲ್ಲ, ಎಚ್ಚರವಾಗಿದ್ದರೆ ಸಾಕಿತ್ತು. ತಮ್ಮ ನಿದ್ದೆಯನ್ನು ಅಳೆಯಲು ಯಾವ ಕಾರ್ಡ್ ಇಡಬೇಕು ಮಾನ್ಯರೇ?

ಈವರೆಗೆ ಓದಿ ನಕ್ಕವರು ಇನ್ನು ನಗಬೇಡಿ.

ಗಾಡಿ ಸಿಕ್ಕಿದ ಮೂರನೆಯ ದಿನ. ಬೆಳಿಗ್ಗೆ ಎಂಟು ನಲವತ್ತು, ಮಾರುಕಟ್ಟೆ ನಿಲ್ದಾಣ. ಯಂತ್ರ ಮನೆಗೆ ಬಂದಿತ್ತು, ಆದರೆ ಕೆಂಪು ಗೆರೆಯ ಭಯಕ್ಕೆ ಅದನ್ನು ಪೆಟ್ಟಿಗೆಯಿಂದ ತೆಗೆದಿರಲಿಲ್ಲ. ಹದಿನಾರು ರಾತ್ರಿ ನಾನು ಉಸಿರು ಕಟ್ಟಿಕೊಂಡೇ ಮಲಗಿದ್ದೆ. ಜನ ಹತ್ತುತ್ತಿದ್ದರು. ಕಾಲು ಬ್ರೇಕಿನ ಮೇಲಿತ್ತು. ಆಮೇಲೆ ನೆನಪಿರುವುದು ಕಂಡಕ್ಟರನ ಕೂಗು, ಅಡಿಯಲ್ಲಿ ಏನೋ ಲಟಲಟನೆ ಮುರಿದ ಸದ್ದು. ಬಸ್ಸು ಮುಂದಕ್ಕೆ ಉರುಳಿ ಪಾದಚಾರಿ ದಾರಿ ಹತ್ತಿ, ಅಲ್ಲಿ ಬೀಗದ ಕೈ ಮಾಡಿಕೊಡುವವನ ಸ್ಟೂಲನ್ನು ಪುಡಿ ಮಾಡಿ ನಿಂತಿತ್ತು. ಆ ಮನುಷ್ಯ ದಿನಕ್ಕೆ ಹತ್ತು ಗಂಟೆ ಆ ಸ್ಟೂಲಿನ ಮೇಲೆ ಕೂರುತ್ತಾನೆ. ಆ ಹೊತ್ತಿಗೆ ಎದುರು ಬೀದಿಯಲ್ಲಿ ಯಾರದೋ ಬಾಗಿಲು ತೆಗೆದುಕೊಡಲು ಹೋಗಿದ್ದ. ಯಾರೋ ಒಬ್ಬರು ಮನೆಯೊಳಗೆ ಕೀಲಿ ಮರೆತು ಬಾಗಿಲು ಎಳೆದುಕೊಂಡಿದ್ದಕ್ಕೆ ಅವನು ಬದುಕಿದ. ತಮ್ಮ ಪ್ರಮಾಣಪತ್ರದಿಂದಲ್ಲ.

ಓಡಿ ಬಂದವನು ಸ್ಟೂಲಿನ ಒಂದು ಕಾಲು ಎತ್ತಿ ನೋಡಿ, ಆಮೇಲೆ ನನ್ನ ಮುಖ ನೋಡಿ, “ಏನಣ್ಣ, ಬ್ರೇಕ್ ಹೋಯ್ತಾ?” ಎಂದು ಕೇಳಿದ. ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಕೇಳಿದ.

ಹೂಂ ಎಂದೆ.

ಮೆಕ್ಯಾನಿಕ್ ಸಂಜೆಯವರೆಗೆ ಬ್ರೇಕ್ ಬಿಚ್ಚಿ ನೋಡಿದ. “ಬ್ರೇಕಿಗೇನೂ ಆಗಿಲ್ಲ ಅಣ್ಣ,” ಎಂದು ಹೇಳಿ, ನನ್ನ ಕಡೆ ನೋಡದೆ ಕೈ ಒರೆಸಿಕೊಂಡ. ಆದರೂ ‘ತಾಂತ್ರಿಕ ದೋಷ’ ಎಂದೇ ಬರೆದುಕೊಟ್ಟ. ನೋಡಿ, ನಮ್ಮಲ್ಲಿ ಎಷ್ಟೊಂದು ಒಳ್ಳೆಯವರಿದ್ದಾರೆ. ಗೆಳೆಯನೊಬ್ಬ ನನ್ನ ಬದಲು ನಿದ್ದೆ ಮಾಡಿದ, ಇನ್ನೊಬ್ಬ ನನ್ನ ಬದಲು ಸುಳ್ಳು ಹೇಳಿದ. ನಾವೆಲ್ಲ ಸೇರಿ ಎಷ್ಟು ಪ್ರೀತಿಯಿಂದ ಒಬ್ಬನನ್ನು ಕೊಲ್ಲುವುದರಲ್ಲಿದ್ದೆವು.

ತಪ್ಪು ನನ್ನದೂ ಹೌದು. ತಮ್ಮ ತಪ್ಪನ್ನು ತೋರಿಸಿ ನನ್ನದನ್ನು ಮುಚ್ಚುವಷ್ಟು ದೊಡ್ಡ ಕಂಬಳಿ ನನ್ನಲ್ಲಿಲ್ಲ. ಅಂದಿನಿಂದ ಒಂಬತ್ತು ದಿನ ನಾನಾಗಿಯೇ ರಜೆ ಹಾಕಿ ಕೂತಿದ್ದೇನೆ; ರಾತ್ರಿ ಗಾರ್ಡ್ ತೆಗೆದಿಟ್ಟು ಬರೀ ಯಂತ್ರ ಹಾಕಿಕೊಂಡು ಮಲಗುತ್ತೇನೆ. ಬೀಗದವನ ಬಳಿ ಹೋಗಿ ನಿಜ ಹೇಳಿದೆ. ಅವನು ಹಣ್ಣಿನ ಪೆಟ್ಟಿಗೆಯೊಂದನ್ನು ಮಗುಚಿ ಅದರ ಮೇಲೆ ಕೂತಿದ್ದ. ಅರವನ್ನು ಕೆಳಗಿಟ್ಟು, “ಬ್ರೇಕ್ ಅಂತಾನೇ ಹೇಳ್ಬಾರ್ದಿತ್ತಾ. ಇನ್ಮೇಲೆ ಪ್ರತಿ ಬಸ್ಸಿಗೂ ತಲೆ ಎತ್ತಿ ನೋಡ್ಬೇಕು ನಾನು,” ಎಂದ. ಇದಕ್ಕಿಂತ ಕಠಿಣವಾದ ಜ್ಞಾಪನವನ್ನು ತಮ್ಮ ಕಚೇರಿ ಈವರೆಗೆ ಬರೆದಿಲ್ಲ. ಕಂಡಕ್ಟರನನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. “ಬರಿ ಅಣ್ಣ. ಏನಾಗುತ್ತೋ ಆಗ್ಲಿ. ನಾನು ಅಷ್ಟು ಚೆನ್ನಾಗಿ ನಿದ್ದೆ ಮಾಡ್ತೀನಿ ಅಂತ ಮಾತ್ರ ಬರೀಬೇಡ, ಡ್ಯೂಟಿ ಜಾಸ್ತಿ ಹಾಕ್ತಾರೆ,” ಎಂದ. ಬರೆದಿದ್ದೇನೆ, ಅವನು ಕ್ಷಮಿಸಲಿ. ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ. ಅವನನ್ನು ಹಿಡಿಯಬೇಕೆಂದರೆ ತಾವು ಮೊದಲು ‘ಅತ್ಯುತ್ತಮ’ ಎಂಬ ತಮ್ಮ ಕೈಬರಹವನ್ನು ಸಾಕ್ಷಿಯಾಗಿ ಹಾಜರುಪಡಿಸಬೇಕಾಗುತ್ತದೆ.

ನನ್ನ ಬೇಡಿಕೆ ಮೊದಲು ಇದ್ದದ್ದೇ. ಆ ಹನ್ನೊಂದು ಹೆಜ್ಜೆಯನ್ನು ಇಬ್ಬರು ವೈದ್ಯರಲ್ಲಿ ಒಬ್ಬರಿಗೆ ದಾಟಲು ಹೇಳಿ. ಅರ್ಧ ಗಂಟೆ ಸಾಕು. ಬಾಯಿಯನ್ನೂ ಮುಚ್ಚುವ ಮಾಸ್ಕು, ತೆಳುವಾದ ಗಾರ್ಡು, ಎರಡನ್ನೂ ಒಂದೇ ಮುಖದ ಮೇಲೆ ಕೂರಿಸಿ ನೋಡಲಿ. ಹೊಂದಿಕೊಂಡರೆ ನಾನು ಗಾಡಿ ಹತ್ತುತ್ತೇನೆ. ಹೊಂದಿಕೊಳ್ಳದಿದ್ದರೆ ಗಾಜು ಒರೆಸುತ್ತೇನೆ, ಸಂತೋಷದಿಂದಲ್ಲ, ಆದರೆ ಒರೆಸುತ್ತೇನೆ. ತಮ್ಮ ಫಲಕದಲ್ಲಿ ನನ್ನ ಪಕ್ಕ ಇನ್ನೂ ಹನ್ನೆರಡು ಮಂದಿ ಚಾಲಕರ ಹಸಿರು ವರದಿಗಳಿವೆ. ಅವರೆಲ್ಲರ ಉಸಿರು ಅವರದೇ ಇರಬಹುದು. ಇರಲಿ ಎಂದು ಹಾರೈಸುತ್ತೇನೆ. ತಾವು ಹಾರೈಸುವ ಕೆಲಸದಲ್ಲಿಲ್ಲ, ನೋಡುವ ಕೆಲಸದಲ್ಲಿದ್ದೀರಿ.

ಇದಕ್ಕೂ ನಮೂನೆ ಇಲ್ಲವೆಂದಾದರೆ ಇನ್ನೊಂದು ದಾರಿ ಇದೆ. ಬೀಗದವನ ಪೆಟ್ಟಿಗೆಯ ಪಕ್ಕದಲ್ಲಿ ಸ್ಟೂಲು ಇದ್ದ ಜಾಗ ಖಾಲಿ ಇದೆ. ತಾವು ಒಂದೇ ಒಂದು ಬೆಳಿಗ್ಗೆ, ಎಂಟು ನಲವತ್ತಕ್ಕೆ, ಬಸ್ಸುಗಳಿಗೆ ಬೆನ್ನು ಮಾಡಿ ಅಲ್ಲಿ ಕುಳಿತುಕೊಳ್ಳಿ. ಬರುವ ಬಸ್ಸಿನ ಚಾಲಕ ತಾವೇ ಸಹಿ ಮಾಡಿ ಕಳಿಸಿದವನು; ಹೆದರುವ ಕಾರಣವೇ ಇಲ್ಲ. ಬೆನ್ನ ಹಿಂದೆ ಬ್ರೇಕಿನ ಸದ್ದು ಕೇಳಿದಾಗ ತಮ್ಮ ಹಲ್ಲುಗಳು ಏನು ಮಾಡುತ್ತವೆ ಎಂಬುದನ್ನು ಗಮನಿಸಿ. ಆಗ, ಯಾರ ಮೇಲೆ ಸಿಟ್ಟು ಎಂದು ಅಂದು ಕೇಳಿದಿರಲ್ಲ, ಅದಕ್ಕೆ ನಾನು ಪ್ರತ್ಯೇಕವಾಗಿ ಉತ್ತರ ಬರೆಯಬೇಕಾಗುವುದಿಲ್ಲ.

ಇಂತಿ,
ತಮ್ಮ ಫಲಕದ ಮೇಲೆ ಈ ಹೊತ್ತಿಗೂ ಸೊಗಸಾಗಿ ಉಸಿರಾಡುತ್ತಿರುವ,
ಮನೆಯಲ್ಲಿ ಮೂರನೆಯ ದವಡೆ ಹಲ್ಲನ್ನೂ ಸೀಳಿಕೊಂಡ,
ಇತರ ಚಾಲಕರಿಗೆ ಮಾದರಿ