ಅತ್ತೆ, ಸೊಸೆ ಮತ್ತು ಖಾಲಿ ಲಾರಿ

ಬುಧವಾರ, ಮಧ್ಯಾಹ್ನ

ಮುನಿಸಿಕೊಂಡು ಕೂತಿರುವ ನನ್ನ ಪ್ರೀತಿಯ ಅಕ್ಕನಿಗೆ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯೆಂದು ಭಾವ ಹೇಳಿದರು. ಭಾನುವಾರದಿಂದ ಎಷ್ಟು ಸಲ ಫೋನ್ ಮಾಡಿದರೂ ಅವರೇ ಎತ್ತಿ, ನೀನು ಸ್ನಾನಕ್ಕೆ ಹೋಗಿದ್ದೀಯ ಎನ್ನುತ್ತಾರೆ. ಇಷ್ಟು ಸಲ ಮಿಂದರೆ ನೆಗಡಿಯಾದೀತು ಕಣೇ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅರ್ಧಕ್ಕೆ ಹರಿದು ಹಾಕಿದರೂ ಮತ್ತೆ ಜೋಡಿಸಿ ಓದುವವಳು ನೀನು, ನನಗೆ ಗೊತ್ತು.

ಹೌದು, ಸ್ಪರ್ಧೆಯ ಮೊದಲ ಸ್ಥಾನದಿಂದ ‘ಮುಂಗುಸಿ’ ಎಂಬ ಹೆಸರನ್ನು ತೆಗೆಸಿದವಳು ನಾನೇ. ಆ ಮುಂಗುಸಿ ನೀನೇ ಎಂದು ಗೊತ್ತಿದ್ದೇ ತೆಗೆಸಿದೆ. ಹೆಸರಿನ ಜೊತೆಗೆ ನಿನ್ನ ಕೈಗೆ ಬಂದಿದ್ದ ಕೆಲಸವೂ ಹೋಯಿತು. ಬೈಯುವುದಿದ್ದರೆ ಮನಸಾರೆ ಬೈ. ಆದರೆ ಮೊದಲು ಆ ದಿನದ ಕಥೆ ಕೇಳು. ನೀನು ಮನೆಯಿಂದಲೇ ಆನ್‌ಲೈನಿನಲ್ಲಿ ಸ್ಪರ್ಧಿಸಿದೆ, ಅಂಕಪಟ್ಟಿ ಮಾತ್ರ ನೋಡಿದೆ. ಸಭಾಂಗಣದಲ್ಲಿ ನಡೆದದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಮ್ಮ ಸಮ್ಮೇಳನ ನಿನಗೆ ಗೊತ್ತಲ್ಲ, ಕಂಪ್ಯೂಟರ್ ಹುಚ್ಚಿನವರೇ ಸೇರಿಕೊಂಡು ನಡೆಸುವುದು. ಸಂಬಳವಿಲ್ಲ, ಕೊರಳಿಗೊಂದು ಗುರುತಿನ ಚೀಟಿ, ಇಡೀ ದಿನ ಓಡಾಟ. ಅದರಲ್ಲಿ ಪ್ರೋಗ್ರಾಮಿಂಗ್ ಸ್ಪರ್ಧೆ ನನ್ನ ಪಾಲಿನದು. ವರ್ಷವಿಡೀ ಆ ಒಂದು ದಿನಕ್ಕಾಗಿ ಕಾಯುತ್ತೇನೆ ಎಂದರೆ ಸುಳ್ಳಲ್ಲ. ಈ ಸಲದ ಪ್ರಾಯೋಜಕ ಕಂಪನಿಯಂತೂ ಧಾರಾಳಿ. ಅವರ ಹೆಸರನ್ನು ಕುರ್ಚಿಯ ಬೆನ್ನಿಗೆ, ಲೋಟಕ್ಕೆ, ಕಂಬಕ್ಕೆ ಎಲ್ಲ ಅಂಟಿಸಿದ್ದೆವು. ಶೌಚಾಲಯದ ಬಾಗಿಲಿಗೆ ಅಂಟಿಸಿದ್ದನ್ನು ಮಾತ್ರ ಆ ಕಂಪನಿಯ ಮೇಡಂ ಬಂದು ತೆಗೆಸಿದರು. ಮೊದಲ ಬಹುಮಾನ ಆರು ತಿಂಗಳ ಕೆಲಸ, ಮನೆಯಿಂದಲೇ ಮಾಡಬಹುದು. ಸಂದರ್ಶನವಿಲ್ಲ. ಇಷ್ಟು ವರ್ಷ ಎಲ್ಲಿದ್ದಿರಿ, ಯಾಕೆ ಕೆಲಸ ಬಿಟ್ಟಿರಿ ಎಂದು ಯಾರೂ ಕೇಳುವಂತಿಲ್ಲ. ಅದನ್ನು ಓದಿದ ಕೂಡಲೇ ನನಗೆ ನಿನ್ನದೇ ನೆನಪಾಗಿತ್ತು. ಅವಳಿಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟ ನೀನು, ಅವರು ಶಾಲೆಗೆ ಹೋಗಲು ಶುರುಮಾಡಿದಾಗಿನಿಂದ ಅರ್ಜಿ ಹಾಕುತ್ತಲೇ ಇದ್ದೀಯ. ಎಲ್ಲರೂ ಆ ಒಂದೇ ಪ್ರಶ್ನೆ ಕೇಳಿ ಕಳುಹಿಸುತ್ತಾರೆ. ಆದರೂ ನಿನಗೆ ಹೇಳಲಿಲ್ಲ. ಸಮಿತಿಯವರ ಬಂಧುಗಳು ಭಾಗವಹಿಸುವಂತಿಲ್ಲ ಎಂಬ ನಿಯಮ ಬರೆದವಳು ನಾನೇ ತಾನೇ.

ಸ್ಪರ್ಧೆ ಶುರುವಾಯಿತು. ನೂರಾರು ಬೆರಳುಗಳು ಒಟ್ಟಿಗೆ ಕೀಲಿ ಒತ್ತುವ ಸದ್ದು! ಮೊದಲ ಮೂರು ಪ್ರಶ್ನೆಗಳು ಹೂವೆತ್ತಿದಂತೆ ಸಾಗಿದವು. ನಾಲ್ಕನೆಯದು ಲಾರಿಯದು. ಒಂದು ಲಾರಿ ಒಂದು ಸುತ್ತಿಗೆ ಹೆಚ್ಚೆಂದರೆ ಎರಡು ಪೆಟ್ಟಿಗೆ ಒಯ್ಯುತ್ತದೆ, ಇಂತಿಷ್ಟೇ ತೂಕ ಹೊರುತ್ತದೆ. ಎಲ್ಲ ಪೆಟ್ಟಿಗೆ ಸಾಗಿಸಲು ಕನಿಷ್ಠ ಎಷ್ಟು ಸುತ್ತು ಬೇಕು? ಅಲ್ಲಿಂದ ಪರದೆಯ ಮೇಲೆ ಬರೀ ಕೆಂಪು. ಯಾರು ಉತ್ತರ ಕಳಿಸಿದರೂ ತಪ್ಪು, ತಪ್ಪು, ತಪ್ಪು. ನಾವು ಬೆನ್ನ ಹಿಂದೆ ಗಡಿಬಿಡಿ ಎಂದು ಕರೆಯುವ ನಮ್ಮ ಅಧ್ಯಕ್ಷರು ಓಡಿ ಬಂದು, ಏನ್ರೀ ಇದು, ಪ್ರಶ್ನೆನೇ ತಪ್ಪಾ, ಎಂದರು. ನಾನು ಜಂಬದಿಂದ, ನನ್ನ ಪ್ರಶ್ನೆ ಸರಿಯಾಗೇ ಇದೆ ಸಾರ್, ಇವರಿಗೆ ಬರ್ತಿಲ್ಲ ಅಷ್ಟೇ, ಎಂದೆ.

ಆಗ ಬಂತು ನೋಡು, ಮುಂಗುಸಿ ಎಂಬ ಹೆಸರಿನಿಂದ ಒಂದು ಸಂದೇಶ. ಒಂದೂ ಪೆಟ್ಟಿಗೆ ಇಲ್ಲದ ದಿನ ನಿಮ್ಮ ಲಾರಿ ಯಾಕೆ ಒಂದು ಸುತ್ತು ಹೋಗಿ ಬರುತ್ತೆ, ಡ್ರೈವರ್‌ಗೆ ಬೇಜಾರಾ, ಎಂದು ನೀನು ಕೇಳಿದ್ದೆ.

ಕೂಡಲೇ ನನ್ನ ಪ್ರೋಗ್ರಾಮನ್ನು ತೆರೆದು ನೋಡಿದೆ. ನನ್ನ ಉತ್ತರವನ್ನು ನನ್ನದೇ ಪ್ರೋಗ್ರಾಮಿನಿಂದ ಪರೀಕ್ಷಿಸಿಕೊಂಡಿದ್ದೆ. ಕಳ್ಳನ ಕೈಗೇ ಕೀಲಿ ಕೊಟ್ಟ ಹಾಗೆ! ನನ್ನ ಪ್ರೋಗ್ರಾಮು ಮೊದಲು ಲಾರಿ ಹೊರಡಿಸಿ, ಆಮೇಲೆ ಪೆಟ್ಟಿಗೆ ಉಂಟೋ ಇಲ್ಲವೋ ನೋಡುತ್ತಿತ್ತು. ಸೊನ್ನೆ ಎಂದು ಸರಿಯಾಗಿ ಹೇಳಿದವರೆಲ್ಲ ಕೆಂಪಾಗಿದ್ದರು.

ಸರಿಪಡಿಸುವ ಮೊದಲು, ಯಾರಪ್ಪಾ ಈ ಮುಂಗುಸಿ ಎಂದು ನಿನ್ನ ಪ್ರೋಗ್ರಾಮನ್ನು ತೆರೆದೆ. ನೀನು ಪೆಟ್ಟಿಗೆಗಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿ, ಭಾರದ ತುದಿಗೆ ‘ಅತ್ತೆ’, ಹಗುರದ ತುದಿಗೆ ‘ಸೊಸೆ’ ಎಂದು ಹೆಸರಿಟ್ಟಿದ್ದೆ. ಇಬ್ಬರೂ ಒಂದೇ ಲಾರಿಯಲ್ಲಿ ಹಿಡಿಸಿದರೆ ಜೊತೆಗೆ ಕೂರಿಸು, ಇಲ್ಲದಿದ್ದರೆ ಅತ್ತೆ ಒಬ್ಬಳೇ ಮೊದಲು ಹೋಗಲಿ. ನಾನು ಜೋರಾಗಿ ನಕ್ಕುಬಿಟ್ಟೆ. ಈ ಪ್ರಪಂಚದಲ್ಲಿ ಹೀಗೆ ಪ್ರೋಗ್ರಾಮ್ ಬರೆಯುವವಳು ಒಬ್ಬಳೇ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷವಾದರೂ ನಿನ್ನ ಕೈ ಒಂದು ಚೂರೂ ತುಕ್ಕು ಹಿಡಿದಿಲ್ಲ ಅಕ್ಕಾ!

ಮೈಕ್ ಹಿಡಿದು, ತಪ್ಪು ನನ್ನದು ಎಂದು ಎಲ್ಲರ ಮುಂದೆ ಹೇಳಿದೆ. ಉತ್ತರಗಳನ್ನೆಲ್ಲ ಮತ್ತೆ ಪರೀಕ್ಷೆಗೆ ಹಾಕಿದೆವು. ಕೆಂಪೆಲ್ಲ ಪಟಪಟನೆ ಹಸಿರಾಗುತ್ತಾ ಬಂದು, ಮುಂಗುಸಿ ಜಿಗಿದು ಎಲ್ಲರಿಗಿಂತ ಮೇಲೆ ಹೋಗಿ ಕೂತಿತು. ಜನ ಕುರ್ಚಿ ಬಿಟ್ಟೆದ್ದು ಶಿಳ್ಳೆ ಹೊಡೆದರು. ಕೊನೆಯ ಪ್ರಶ್ನೆಯನ್ನೂ ನೀನೇ ಮೊದಲು ಬಿಡಿಸಿದೆ. ಅಪರಿಚಿತರೆಲ್ಲ ನಿನ್ನ ಹೆಸರು ಕೂಗುತ್ತಿದ್ದರೆ, ಅವಳು ನನ್ನಕ್ಕ ಕಣ್ರೋ ಎಂದು ಕಿರುಚಬೇಕು ಅನ್ನಿಸಿ ತುಟಿ ಕಚ್ಚಿಕೊಂಡಿದ್ದೆ.

ಕಿರುಚುವಂತಿರಲಿಲ್ಲ. ಸುಮ್ಮನಿರುವಂತೆಯೂ ಇರಲಿಲ್ಲ. ನೀನು ತಂಗಿಯ ದಾಕ್ಷಿಣ್ಯ ಬೇಡವೆಂದೇ ಬೇರೆ ಹೆಸರಿನಲ್ಲಿ ಬಂದೆ, ನಿಯಮ ಓದದೆ ಒಪ್ಪಿಗೆಯ ಗುಂಡಿ ಒತ್ತಿದೆ. ಅದು ನಿನ್ನ ಹಳೆಯ ಚಾಳಿ. ಆದರೆ ಯೋಚಿಸು. ಕೆಲಸಕ್ಕೆ ಸೇರಿದ ಮೇಲೆ ಒಂದಲ್ಲ ಒಂದು ದಿನ ನಮ್ಮ ಸಂಬಂಧ ಹೊರಗೆ ಬಂದೇ ಬರುತ್ತಿತ್ತು. ಓಹೋ, ತಂಗಿ ಪ್ರಶ್ನೆ ಮಾಡಿದಳು, ಅಕ್ಕ ಗೆದ್ದಳು ಎಂದು ನಾಲ್ಕು ಜನ ಆಡಿಕೊಂಡರೆ, ನೀನು ಬೆವರು ಸುರಿಸಿ ಗೆದ್ದದ್ದು ಕದ್ದ ಮಾಲಾಗುತ್ತಿತ್ತು. ಅದನ್ನು ತಡೆಯಲೆಂದೇ ನೇರ ಅಧ್ಯಕ್ಷರ ಮತ್ತು ಮೇಡಂ ಹತ್ತಿರ ಹೋಗಿ, ಮುಂಗುಸಿ ನನ್ನಕ್ಕ ಎಂದು ಹೇಳಿಬಿಟ್ಟೆ. ಗಡಿಬಿಡಿಯವರು ತಲೆ ಮೇಲೆ ಕೈ ಹೊತ್ತು, ನೀವು ಸುಮ್ನಿದ್ದಿದ್ರೆ ಯಾರಿಗ್ರೀ ಗೊತ್ತಾಗ್ತಿತ್ತು, ಎಂದರು. ಕಂಪನಿಯ ಮೇಡಂ, ನನಗೂ ಬೇಜಾರೇ, ಆದ್ರೆ ನಿಯಮ ನಿಮ್ದೇ ಅಲ್ವಾ, ಎಂದು ಎರಡನೆಯವರನ್ನು ವೇದಿಕೆಗೆ ಕರೆದರು.

ಸರಿ ಮಾಡಿದೆ ಎಂದೇ ನನ್ನ ನಂಬಿಕೆ. ಆದರೂ ಅನ್ನದ ತಟ್ಟೆಯ ಮುಂದೆ ಕೂತರೆ ನಿನ್ನ ಮುಖವೇ ಕಣ್ಣ ಮುಂದೆ ಬರುತ್ತದೆ. ನಿನ್ನನ್ನು ಕಂಡು ನನಗೆಷ್ಟು ಹೆಮ್ಮೆಯಾಯಿತೋ ಅಷ್ಟೇ ಸಂಕಟವೂ ಆಗಿದೆ ಅಕ್ಕಾ. ಅವಳಿಗಳಿಗೆ ಮುತ್ತು, ಸುಳ್ಳು ಹೇಳಿ ಹೇಳಿ ಸುಸ್ತಾಗಿರುವ ಭಾವನಿಗೆ ನಮಸ್ಕಾರ.

ನಿನ್ನ ಬೈಗುಳಕ್ಕಾಗಿ ಕಿವಿ ತೆರೆದು ಕೂತಿರುವ,
ನಿನ್ನ ಪುಟ್ಟಿ

ತಾ. ಕ.: ಬರುವ ವರ್ಷವೂ ಅದೇ ಕಂಪನಿ, ಅದೇ ಬಹುಮಾನ; ಮೇಡಂ ಮಾತು ಕೊಟ್ಟಿದ್ದಾರೆ. ನಿನ್ನೆ ನಾನು ಸಮಿತಿಗೆ ರಾಜೀನಾಮೆ ಕೊಟ್ಟು, ಪ್ರಶ್ನೆ ಮಾಡುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ಬಂದೆ. ನಿಯಮ ಇದ್ದಲ್ಲೇ ಇದೆ, ಒಂದಕ್ಷರ ಬದಲಾಗಿಲ್ಲ. ಇನ್ನು ಮೇಲೆ ನೀನು ಸಮಿತಿಯ ಯಾರಿಗೂ ಬಂಧುವಲ್ಲ, ಬರೀ ನನ್ನ ಅಕ್ಕ.