ದರೋಜಿ ಹೊಲಕ್ಕೆ ಇವತ್ತು ಯಾರೂ ಬೇಡ

ರಮಕ್ಕಾ,

ನಿನ್ನ ಮೊಬೈಲು ಮನೆಯಲ್ಲೇ ಇದೆ, ಅದಕ್ಕೇ ಚಪ್ಪಲಿ ಮೆಟ್ಟಿಕೊಂಡೇ ಬರೆಯುತ್ತಿದ್ದೇನೆ. ನೀವಿಬ್ಬರೂ ಗುಡಿಯಿಂದ ಬಂದ ಮೇಲೆ ಅವ್ವನನ್ನು ದರೋಜಿಯ ಹೊಲಕ್ಕೆ ಬಿಡಬೇಡ. ನಿನಗೆ ಜ್ವರ ಅಂತ ಸುಳ್ಳು ಹೇಳಿಯಾದರೂ ನಿಲ್ಲಿಸು. ಯಮನಮ್ಮನ ಮನೆಗೂ ಓಡು, ಅವಳೂ ಅವಳ ಜೊತೆ ಕಳೆ ತೆಗೆಯುವ ಹೆಂಗಸರೂ ಹೋಗಬಾರದು. ಅಂಗಳದಲ್ಲಿರುವ ಕಾರು ತೊಳೆಯಬೇಡ, ಫಾರೆಸ್ಟಿನವರು ಹಾಗೇ ನೋಡಲಿ.

ಅಣ್ಣನ ಹೊಸ ಕಾರಿಗೆ ಗೇಟು ತಾಗಿತು ಅಂದದ್ದು ಸುಳ್ಳು. ನಿನ್ನೆ ಸಂಜೆ ನಮ್ಮ ಹೊಲದ ತಿರುವಿನಲ್ಲಿ, ಅದಿರಿನ ಲಾರಿಯ ಧೂಳಿನೊಳಗೆ ಏನೋ ಬಡಿಯಿತು. ನಾಯಿ ಅಂದುಕೊಂಡೆ. ಇಳಿದು ನೋಡಲಿಲ್ಲ. ಅಣ್ಣ ಸಂಡೂರಿನಿಂದ ಬರುವಷ್ಟರಲ್ಲಿ ನೆಗ್ಗು ತೆಗೆಸೋಣವೆಂದು ಬೆಳಿಗ್ಗೆ ಪೇಂಟರ್ ಗಾದಿಲಿಂಗಪ್ಪ ಕಾಕಾನ ಹತ್ತಿರ ಒಯ್ದೆ. ಅವರು ಬಂಪರಿನ ಸಂದಿಯಿಂದ ಉದ್ದನೆಯ ಕಪ್ಪು ಕೂದಲು ಎಳೆದು ನನ್ನ ಅಂಗೈಯಲ್ಲಿಟ್ಟರು.

“ನಾಯಿ ಅಲ್ಲಪಾ, ಕರಡಿ. ಪೆಟ್ಟು ತಿಂದೈತಿ, ಭಾಳ ದೂರ ಹೋಗಿರಂಗಿಲ್ಲ. ನಿಮ್ಮ ಹೊಲದಾಗ ಕುಂತಿರತೈತಿ. ಮೊದಲ ಫಾರೆಸ್ಟಿನವರಿಗೆ ಹೇಳು.”

ಅಲ್ಲಿಗೇ ಹೊರಟಿದ್ದೇನೆ. ನನ್ನನ್ನು ಏನು ಮಾಡುತ್ತಾರೋ ಗೊತ್ತಿಲ್ಲ.

ನಿನಗೆ ಸುಳ್ಳು ಹೇಳಿದ್ದು ಸಾಕು. ಮೊದಲು ನನಗೆ ಫಾರೆಸ್ಟಿನವರ ಹತ್ತಿರ ಹೋಗುವ ಮನಸ್ಸಿರಲಿಲ್ಲ. “ಸುಮ್ಮನೆ ಬಣ್ಣ ಹಚ್ಚಿಬಿಡ್ರಿ ಕಾಕಾ, ನನ್ನ ಹೊಸ ಮೊಬೈಲು ನೀವ ಇಟ್ಕೋರಿ” ಅಂದೆ.

ಕಾಕಾ ಅದನ್ನು ನನ್ನ ಜೇಬಿಗೇ ತುರುಕಿದರು.

“ನಾ ಹಚ್ಚಂಗಿಲ್ಲ.”