ಅವನ ಕೈಗೂ ಉರುಳುಸೇವೆ

17-11-2025, ಕಡೇ ಕಾರ್ತಿಕ ಸೋಮವಾರ

ಅವ್ವ ನಂಜನಗೂಡಿನಲ್ಲಿ ಉರುಳುಸೇವೆ ಮಾಡುವಾಗ ಕದ್ದು ವಿಡಿಯೊ ಮಾಡಿ, ‘ಡ್ರಮ್ ಉರುಳ್ತಾ ಐತೆ’ ಅಂತ ರೀಲ್ಸ್ ಹಾಕಿದ್ದವನು ಇವತ್ತು ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ಕಬ್ಬಿನ ಜಲ್ಲೆ ಮುರಿಯುವವರೆಗೂ ಬಾರಿಸಿದೆ. ಆಮೇಲೆ ಅವನ ಬಲಗೈ ತಿರುಚಿದೆ. ಲಟಕ್ಕೆಂದಿತು. ಸುತ್ತ ನಿಂತವರು ‘ಇನ್ನೂ ಆಕ್ಲಾ’ ಎಂದರು. ಹಾಕಿದೆ.

ಮನೆಗೆ ಬಂದು ಹೆಮ್ಮೆಯಿಂದ ಹೇಳಿದರೆ ಅವ್ವ ಅನ್ನ ಇಕ್ಕಲಿಲ್ಲ.

‘ಬೈಕಿಂದ ಬಿದ್ದು ಮುರ್ಕೊಂಡಿದ್ದ ನಿನ್ ಕೈ ನೆಟ್ಟಗಾಗ್ಲಿ ಅಂತ ಅಲ್ವೇನ್ಲಾ ನಾನು ಉರುಳಿದ್ದು? ಅದೇ ಕೈಲಿ ಒಡ್ದ್ಯಾ? ಬರೋ ಸೋಮವಾರ ಆ ಹೈದನ್ ಕೈಗೂ ಉರುಳ್ತೀನಿ.’

ಅವನಿಗೆ! ನಮ್ಮವ್ವ!

ಇನ್ನೊಂದು ಕೈಯನ್ನೂ ಮುರಿಯಬೇಕಿತ್ತು. ಮುರಿದಿದ್ದರೆ ಅದಕ್ಕೂ ಉರುಳುತ್ತಿದ್ದಳು, ಮುದುಕಿ.